ಯಾರೂ ಇಲ್ಲದವರಿಗೆ ನೆರವು: ಫೋಟೊ ಶೇರ್ ಮಾಡಿದರೆ ಸಾಕೇ?

"ಬೆಳಗಾವಿ ಬಸ್ ನಿಲ್ದಾಣದಲ್ಲಿ ಈ ಅಜ್ಜ ಒಬ್ಬರೇ ಇದ್ದಾರೆ, ಮನೆಯವರಿಗೆ ತಲುಪುವವರೆಗೂ ಶೇರ್ ಮಾಡಿ." ಇಂಥ ವಾಟ್ಸಾಪ್ ಸಂದೇಶಗಳನ್ನು ನಾವೆಲ್ಲ ನೋಡಿದ್ದೇವೆ. ಜೊತೆಗೆ ಕೆಲವು ನಂಬಿಕೆಗಳೂ ಹರಿದಾಡುತ್ತವೆ. ಅವು ಎಷ್ಟು ನಿಜ?

ಸಂಬಂಧಿಕರಿಲ್ಲದಿದ್ದರೆ ಚಿಕಿತ್ಸೆ ಸಿಗುವುದಿಲ್ಲವೇ?
ತಪ್ಪು. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಮೊದಲು ಚಿಕಿತ್ಸೆ, ಉಳಿದ ವಿಧಿವಿಧಾನ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. 108ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು.

ಸಹಾಯ ಮಾಡಿದವರ ಮೇಲೇ ಕೇಸ್ ಬೀಳುತ್ತದೆಯೇ?
ಇಲ್ಲ. ಅಪಘಾತದ ಗಾಯಾಳುವಿಗೆ ಸದುದ್ದೇಶದಿಂದ ನೆರವಾದವರಿಗೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ರಕ್ಷಣೆ ಕೊಡುತ್ತದೆ. ಹೆಸರು, ವಿಳಾಸ ಹೇಳಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ.

ಮನೆಯವರನ್ನು ಹುಡುಕುವುದು ಯಾರ ಕೆಲಸ?
ಮಾನಸಿಕ ಅಸ್ವಸ್ಥರಾಗಿ ಬೀದಿಯಲ್ಲಿ ಅಲೆಯುವವರನ್ನು ರಕ್ಷಿಸಿ, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಲುಪಿಸುವುದು ಪೊಲೀಸರ ಕರ್ತವ್ಯ ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ಅವರನ್ನು ಲಾಕಪ್‌ನಲ್ಲಿ ಇಡುವಂತಿಲ್ಲ. ಮನೆಯಿಲ್ಲದವರಾದರೆ ಕುಟುಂಬವನ್ನು ಪತ್ತೆ ಮಾಡುವ ಹೊಣೆಯೂ ಠಾಣೆಯದೇ. ಫಾರ್ವರ್ಡ್ ಮಾಡಿದ ಫೋಟೊಗೆ ಇಂಥ ಹೊಣೆ ಇಲ್ಲ. ಅಜ್ಜ ಮನೆ ಸೇರಿದ ಮೇಲೂ ಅದು ವರ್ಷಗಟ್ಟಲೆ ತಿರುಗುತ್ತಲೇ ಇರುತ್ತದೆ.

ಹಾಗಾದರೆ ಏನು ಮಾಡಬೇಕು?
- ಜೀವಕ್ಕೆ ಅಪಾಯವಿದ್ದರೆ 108, ಪೊಲೀಸ್ ನೆರವಿಗೆ 112.
- ನಿರ್ಗತಿಕ ಹಿರಿಯರಿಗಾಗಿ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ.
- ಒಂಟಿತನ, ಸಾಯುವ ಯೋಚನೆ ಕಾಡಿದರೆ ಟೆಲಿ ಮನಸ್ 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.
- ಒಂಟಿಯಾಗಿರುವ ಬಡ ಹಿರಿಯರಿಗೆ 65 ದಾಟಿದ್ದರೆ ಸಂಧ್ಯಾ ಸುರಕ್ಷಾ ಪಿಂಚಣಿಗೆ ನಾಡಕಚೇರಿಯಲ್ಲಿ ಅರ್ಜಿ ಹಾಕಲು ಜೊತೆಗೆ ಹೋಗಿ.

ನೆಟ್‌ವರ್ಕ್ ಸಿಗದ ಊರುಗಳಲ್ಲಿ?
ಖಾನಾಪುರ ತಾಲೂಕಿನ ಕಾಡಂಚಿನಲ್ಲಿ ಒಂದು ಕರೆ ಮಾಡುವುದೂ ಸುಲಭವಲ್ಲ. 2024ರ ಜುಲೈನಲ್ಲಿ ಆಮಗಾಂವದ ರೋಗಿಯೊಬ್ಬರನ್ನು ಊರವರೇ ಮಳೆಯಲ್ಲಿ ಕಾಡುದಾರಿಯುದ್ದಕ್ಕೂ ಹೊತ್ತು ಆಂಬ್ಯುಲೆನ್ಸ್‌ವರೆಗೆ ತಂದಿದ್ದರು. ಅಲ್ಲಿ ನೆರೆಹೊರೆಯೇ ಮೊದಲ ಆಂಬ್ಯುಲೆನ್ಸ್. ಆದ್ದರಿಂದ ಊರಲ್ಲಿ ಒಂಟಿಯಾಗಿರುವವರು ಯಾರೆಂದು ಮಳೆಗಾಲಕ್ಕೆ ಮೊದಲೇ ಆಶಾ ಕಾರ್ಯಕರ್ತೆಗೆ, ಪಂಚಾಯಿತಿಗೆ ತಿಳಿಸಿಡಿ.

ಬೆಳಗಾವಿಯ ಬಾಡಿಗೆ ಕೋಣೆಗಳಲ್ಲಿ ನೆಟ್‌ವರ್ಕ್ ಚೆನ್ನಾಗಿದೆ, ಆದರೆ ಬಾಗಿಲು ತಟ್ಟುವವರಿಲ್ಲ. ಪಕ್ಕದ ಕೋಣೆಯವರು ಎರಡು ದಿನ ಕಾಣದಿದ್ದರೆ ಒಮ್ಮೆ ಬಾಗಿಲು ತಟ್ಟಿ.

ಈ ಲೇಖನವನ್ನು ಶೇರ್ ಮಾಡಿ, ಆದರೆ ಅದಕ್ಕೂ ಮೊದಲು ಮೇಲಿನ ನಂಬರುಗಳನ್ನು ನಿಮ್ಮ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.