ಕಾಲುವೆ ನೀರು, ಬೆಂಝ್ ಲಾರಿ, ಮುರಿದ ಸ್ಟಡ್ (ಭಾಗ 4)

ಸಿಂಧನೂರು ಸೀಮೆಗೆ ಲಾರಿ ತಂದದ್ದು ನೀರು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟರು. ಎಡದಂಡೆ ಕಾಲುವೆ ಮುಂದುವರಿದಂಗ ಜೋಳದ ಎರಿಹೊಲ ಭತ್ತದ ಗದ್ದೆಯಾದವು. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಝ್ ಜೊತೆ ಒಪ್ಪಂದ ಮಾಡ್ಕೊಂಡ್ರು. 1969ಕ್ಕೆ ಅದು ಮುಗೀತು, ಗಾಡಿ ಮುಂದಿನ ನಕ್ಷತ್ರ ಹೋಯ್ತು. ಹಳಬರ ಬಾಯಾಗ ಮಾತ್ರ ಅದು 'ಟಾಟಾ ಬೆಂಝ್'ನೇ.

ಮಸ್ಕಿ ದಾಟಿ ಲಿಂಗಸುಗೂರಿಗೆ ಲೋಡು ಎಳೆಯೋ ಇಂಥ ಹಳೇ ಇಂಜಿನ್ನಿಗೆ ಒಂದು ರೋಗ: ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸ್ಟಡ್ ಮುರಿಯೋದು. ಮ್ಯಾನಿಫೋಲ್ಡ್ ಕಾದಾಗ ಹಿಗ್ಗತದ, ಆರಿದಾಗ ಕುಗ್ಗತದ. ವರ್ಷಗಟ್ಟಲೆ ಎಳೆದಾಡಿ ತುದಿಯ ಸ್ಟಡ್ ಹೆಡ್ಡಿನ ಮಟ್ಟಕ್ಕೇ ಕಟ್. ಟಪ್ ಟಪ್ ಸಪ್ಪಳ, ಹೊಗೆ. ಹೆಡ್ ಇಳಿಸಿದ್ರ ಗಾಡಿ ನಿಂತು ಸುಗ್ಗಿ ಬಾಡಿಗಿ ಹೋಗತದ.

ಅದಕ್ಕ ಮೇಸ್ತ್ರಿ ಮುರಿದ ತುಂಡಿನ ಮ್ಯಾಲೆ ನಟ್ ಇಟ್ಟು, ಅದರ ತೂತಿನೊಳಗ ವೆಲ್ಡಿಂಗ್ ಹೊಡಿತಾನ. ಸ್ಟಡ್ ಉಕ್ಕು, ಹೆಡ್ ಬೀಡು. ವೆಲ್ಡಿಂಗ್ ಉಕ್ಕಿಗೆ ಕಚ್ಚತದ, ಬೀಡಿಗೆ ಸುಲಭಕ್ಕ ಕಚ್ಚಲ್ಲ. ಆ ಕಾವಿಗೇ ತುಕ್ಕಿನ ಹಿಡಿತ ಸಡಿಲ ಆಗತದ. ಒಂಚೂರು ಆರಲಿಕ್ಕೆ ಬಿಟ್ಟು, ಸ್ಪ್ಯಾನರ್ ಹಾಕಿ ಹಿಂದ-ಮುಂದ ಅಲ್ಲಾಡಿಸಿ ತೆಗೀಬೇಕು. ನಟ್ ಕಿತ್ತು ಬಂದ್ರ? ಮತ್ತೊಂದು ನಟ್! ಡ್ರಿಲ್ ಕೊನೇ ದಾರಿ. ಬಿಟ್ ಉಕ್ಕು ಬಿಟ್ಟು ಮೆತ್ತಗಿನ ಬೀಡಿಗೆ ಜಾರಿದ್ರ ಹೆಡ್ಡಿನ ತೂತೇ ಹಾಳು.

#ಸಿಂಧನೂರು #ಮಸ್ಕಿ #ಲಿಂಗಸುಗೂರು