ವಿಹಾರದ ನಿರಾಶೆಗೆ ನ್ಯಾಯದ ಬೆಲೆ: ಮುಳುಗುಗಾರರ ವಾಸನೌಕೆಯ ವ್ಯಾಜ್ಯಗಳ ಹಿನ್ನೆಲೆ

ಮುರುಡೇಶ್ವರದ ದಡದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸಮುದ್ರದಲ್ಲಿ ಮುಳುಗಿ ಬರುವ ವಿಹಾರಿಗಳು ಬೆಳಗ್ಗೆ ಹೊರಟು ಅದೇ ದಿನ ಹಿಂದಿರುಗುತ್ತಾರೆ. ಅವರಿಗೆ ದೋಣಿಯು ಕೇವಲ ವಾಹನ. ಗಾಳಿಯೆದ್ದು ದೋಣಿ ಹೊರಡದಿದ್ದರೆ ನಷ್ಟವಾಗುವುದು ಒಂದು ದಿನ ಮಾತ್ರ. ಕೆಂಪು ಸಮುದ್ರ, ಮಾಲ್ದೀವ್ಸ್, ಇಂಡೊನೇಷ್ಯದ ಕೊಮೊಡೊ, ಪೆಸಿಫಿಕ್ ಸಾಗರದ ಗಾಲಾಪಗೋಸ್ ಮೊದಲಾದೆಡೆಗಳಲ್ಲಿ ರೂಢಿಯಲ್ಲಿರುವ ಇನ್ನೊಂದು ಪದ್ಧತಿಯಲ್ಲಿ ವಿಹಾರಿಗಳು ವಾರಗಟ್ಟಲೆ ಹಡಗಿನಲ್ಲಿಯೇ ಉಂಡು ಮಲಗುತ್ತಾರೆ. ಉಸಿರಾಟದ ಸಲಕರಣೆ ತೊಟ್ಟು ದಿನಕ್ಕೆ ಮೂರು ನಾಲ್ಕು ಬಾರಿ ನೀರಿಗಿಳಿಯುತ್ತಾರೆ. ‘ಲಿವ್‌ಅಬೋರ್ಡ್’ ಎಂದು ಪ್ರಸಿದ್ಧವಾದ ಈ ಹಡಗನ್ನು ಇಲ್ಲಿ ವಾಸನೌಕೆ ಎಂದು ಕರೆಯಲಾಗಿದೆ.

ವಾಸನೌಕೆಯ ವಿಹಾರ ಕೆಟ್ಟಾಗ ಹುಟ್ಟುವ ವ್ಯಾಜ್ಯಗಳು ಬಹುಮಟ್ಟಿಗೆ ಒಂದೇ ಬಗೆಯವು. ಹವೆ ಕೆಟ್ಟು ಮಾರ್ಗ ಬದಲಾಯಿತು. ಸಿಲಿಂಡರುಗಳಿಗೆ ಗಾಳಿ ತುಂಬುವ ಯಂತ್ರ ನಿಂತಿತು. ಮಲಗುವ ಕೋಣೆ ವಾಸಯೋಗ್ಯವಾಗಿರಲಿಲ್ಲ. ನೋಡಬಂದ ಶಾರ್ಕ್ ಮೀನು ಕಾಣಲೇ ಇಲ್ಲ. ಹಣವನ್ನು ಮುಂಗಡವಾಗಿ ತೆತ್ತಾಗಿದೆ. ವರ್ಷದ ರಜೆಯೂ ಮುಗಿದಿದೆ. ದೇಹಕ್ಕೆ ಗಾಯವಿಲ್ಲ, ಸಾಮಾನು ಕಳೆದಿಲ್ಲ. ನಿರೀಕ್ಷಿಸಿದ ಸಂತೋಷವೊಂದು ದೊರೆಯಲಿಲ್ಲ. ಇಂಥ ನಷ್ಟಕ್ಕೆ ನ್ಯಾಯಾಲಯ ಬೆಲೆ ಕಟ್ಟಬಹುದೆ? ಈ ಪ್ರಶ್ನೆಗೆ ಇತಿಹಾಸದಲ್ಲಿ ದೊರೆತ ಉತ್ತರಗಳನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧

ಮುಳುಗುಗಾರರ ಹಡಗು ಮೊದಲು ವಿಹಾರನೌಕೆಯಾಗಿರಲಿಲ್ಲ. ೧೯೪೩ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಕೂಸ್ಟೊ ಮತ್ತು ಎಂಜಿನಿಯರ್ ಗಾನ್ಯಾನ್ ಸ್ವಯಂಚಾಲಿತ ಉಸಿರಾಟದ ಸಲಕರಣೆಯನ್ನು ಸಿದ್ಧಪಡಿಸಿದರು. ಯುದ್ಧಕಾಲದಲ್ಲಿ ಸಿಡಿಗುಂಡುಗಳನ್ನು ತೆಗೆಯಲು ಕಟ್ಟಿದ್ದ ಹಡಗೊಂದನ್ನು ಮಾರ್ಪಡಿಸಿ, ‘ಕ್ಯಾಲಿಪ್ಸೊ’ ಎಂಬ ಹೆಸರಿನ ಅದರಲ್ಲಿ ಕೂಸ್ಟೊ ೧೯೫೧ರ ಕೊನೆಯಲ್ಲಿ ಕೆಂಪು ಸಮುದ್ರಕ್ಕೆ ಹೊರಟನು. ಆಸ್ಟ್ರಿಯದ ಹಾನ್ಸ್ ಹಾಸ್ ‘ಕ್ಸಾರಿಫಾ’ ಎಂಬ ಹಾಯಿಹಡಗಿನಲ್ಲಿ ೧೯೫೩-೫೪ರಲ್ಲಿ ಗಾಲಾಪಗೋಸಿಗೂ, ೧೯೫೭-೫೮ರಲ್ಲಿ ಮಾಲ್ದೀವ್ಸ್ ಮತ್ತು ನಮ್ಮ ನಿಕೋಬಾರ್ ದ್ವೀಪಗಳಿಗೂ ಯಾನ ಮಾಡಿದನು. ಈ ಹಡಗುಗಳಲ್ಲಿದ್ದವರು ಅನ್ವೇಷಕರು. ಬಿರುಗಾಳಿ ಬೀಸಿದರೆ, ಯಂತ್ರ ಕೆಟ್ಟರೆ ಅದು ಅವರ ಕಾರ್ಯದ ಒಂದು ಅಂಗ. ದೂರಲು ಎದುರು ಪಕ್ಷವೇ ಇರಲಿಲ್ಲ. ಅನ್ವೇಷಕನ ಸ್ಥಾನದಲ್ಲಿ ಹಣ ತೆತ್ತ ಗ್ರಾಹಕ ಬಂದು ನಿಂತಂದು ಸಮುದ್ರದ ಅನಿಶ್ಚಿತತೆ ವ್ಯಾಜ್ಯದ ವಸ್ತುವಾಯಿತು. ಹಡಗು ಅದೇ, ಕಡಲೂ ಅದೇ. ಬದಲಾದುದು ಹಡಗೇರಿದವನ ಸಂಬಂಧ.

೨

ಆ ಗ್ರಾಹಕನು ನಿರಾಶೆಯನ್ನು ನ್ಯಾಯಾಲಯಕ್ಕೆ ಒಯ್ದಾಗ ಆಂಗ್ಲ ನ್ಯಾಯಶಾಸ್ತ್ರದ ಹಳೆಯ ನಿಯಮ ಅವನಿಗೆ ವಿರೋಧವಾಗಿತ್ತು. ೧೮೭೫ರ ಹಾಬ್ಸ್ ಮೊಕದ್ದಮೆಯಲ್ಲಿ ರೈಲು ಒಂದು ಕುಟುಂಬವನ್ನು ಅವರ ಊರಿಗೆ ಒಯ್ಯದೆ ಬೇರೆ ನಿಲ್ದಾಣದಲ್ಲಿ ಇಳಿಸಿತು. ತುಂತುರು ಮಳೆಯ ರಾತ್ರಿಯಲ್ಲಿ ಅವರು ಮೈಲಿಗಟ್ಟಲೆ ನಡೆಯಬೇಕಾಯಿತು. ನಡೆದ ಕಷ್ಟಕ್ಕೆ ಎಂಟು ಪೌಂಡು ದೊರೆಯಿತು. ಪತ್ನಿಗೆ ತಗುಲಿದ ನೆಗಡಿಗಾಗಿ ಕೇಳಿದ ಇಪ್ಪತ್ತು ಪೌಂಡು ದೊರೆಯಲಿಲ್ಲ. ದೇಹಕ್ಕೆ ತೊಂದರೆಯಾಗದೆ ಬರಿಯ ಬೇಸರಕ್ಕೂ ಆಶಾಭಂಗಕ್ಕೂ ಪರಿಹಾರವಿಲ್ಲವೆಂಬ ಮಾತು ಅಲ್ಲಿ ಸ್ಪಷ್ಟವಾಗಿ ಬಂದಿತು. ೧೯೦೯ರಲ್ಲಿ, ಕಲ್ಕತ್ತದಲ್ಲಿ ವ್ಯವಸ್ಥಾಪಕನಾಗಿದ್ದವನೊಬ್ಬನನ್ನು ಗ್ರಾಮಫೋನ್ ಕಂಪನಿ ವಜಾ ಮಾಡಿದ ಆಡಿಸ್ ಮೊಕದ್ದಮೆಯಲ್ಲಿ ಲಾರ್ಡರ ಸಭೆ ಇದೇ ನಿಲುವನ್ನು ಬಲಪಡಿಸಿತು. ಮನಸ್ಸಿನ ನೋವು ಒಪ್ಪಂದದ ಲೆಕ್ಕಕ್ಕೆ ಹೊರಗಿನದೆಂಬುದು ಇದರ ತಾತ್ಪರ್ಯ.

ಈ ನಿಯಮಕ್ಕೆ ದೊಡ್ಡ ಬಿರುಕು ಬಿದ್ದುದು ೧೯೭೨ರಲ್ಲಿ. ಜಾರ್ವಿಸ್ ಎಂಬ ವಕೀಲನು ಸ್ವಿಟ್ಜರ್ಲೆಂಡಿನಲ್ಲಿ ಹದಿನೈದು ದಿನಗಳ ಕ್ರಿಸ್ಮಸ್ ವಿಹಾರಕ್ಕೆ ಸುಮಾರು ೬೩ ಪೌಂಡು ತೆತ್ತಿದ್ದನು. ಅತಿಥಿಗಳ ಗೋಷ್ಠಿ, ಹಾಡು, ಒಳ್ಳೆಯ ತಿಂಡಿ ಎಂದು ಪ್ರಚಾರಪತ್ರ ಸಾರಿತ್ತು. ಮೊದಲ ವಾರ ಅಲ್ಲಿದ್ದವರು ಹದಿಮೂರು ಮಂದಿ. ಎರಡನೆಯ ವಾರ ಆತನೊಬ್ಬನೇ. ಹಾಡುಗಾರನು ಕೆಲಸದ ಉಡುಪಿನಲ್ಲಿಯೇ ಬಂದು ನಾಲ್ಕೈದು ಹಾಡು ಹೇಳಿ ಹೊರಟುಹೋದನು. ಕೆಳಗಿನ ನ್ಯಾಯಾಧೀಶರು ಹಣದ ಅರ್ಧವನ್ನು ಕೊಡಿಸಿದರು. ಲಾರ್ಡ್ ಡೆನಿಂಗ್ ಇದ್ದ ಅಪೀಲು ನ್ಯಾಯಾಲಯವು ಪರಿಹಾರವನ್ನು ೧೨೫ ಪೌಂಡಿಗೆ, ಎಂದರೆ ತೆತ್ತ ಹಣದ ಸುಮಾರು ಎರಡರಷ್ಟಕ್ಕೆ, ಏರಿಸಿತು. ವಿಹಾರದ ಒಪ್ಪಂದದಲ್ಲಿ ಮಾರಿದ ಸರಕು ಸಂತೋಷವೇ ಆಗಿರುವಾಗ, ಸಂತೋಷದ ಅಭಾವವು ಒಪ್ಪಂದದ ಭಂಗವೆಂಬುದು ಇಲ್ಲಿಯ ತರ್ಕ. ಕೆಲಕಾಲದಲ್ಲಿಯೇ ಸಿಂಹಳ ಪ್ರವಾಸದಲ್ಲಿ ನಿರಾಶೆಗೊಂಡ ಕುಟುಂಬವೊಂದಕ್ಕೆ ಜ್ಯಾಕ್ಸನ್ ಮೊಕದ್ದಮೆಯಲ್ಲಿ ೧,೧೦೦ ಪೌಂಡು ದೊರೆಯಿತು.

೩

ಬೆಟ್ಟದ ಮೇಲೆ ಹುಟ್ಟಿದ ಈ ನ್ಯಾಯ ಕಡಲಿಗಿಳಿದುದು ೧೯೯೩ರಲ್ಲಿ. ‘ಮಿಖಾಯಿಲ್ ಲೆರ್ಮಂತಫ್’ ಎಂಬ ಸೋವಿಯೆತ್ ಹಡಗು ೧೯೮೬ರ ಫೆಬ್ರವರಿಯಲ್ಲಿ ಸಿಡ್ನಿಯಿಂದ ಹದಿನಾಲ್ಕು ದಿನಗಳ ವಿಹಾರಕ್ಕೆ ಹೊರಟು, ೧೬ನೆಯ ತಾರೀಖು ನ್ಯೂಜಿಲೆಂಡಿನ ಮಾರ್ಲ್‌ಬರೊ ತೀರದಲ್ಲಿ ಬಂಡೆಗೆ ತಾಗಿ ಮುಳುಗಿತು. ಪ್ರಯಾಣಿಕರಲ್ಲೊಬ್ಬಳಾದ ಡಿಲ್ಲನ್ ಎಂಬಾಕೆ ತಾನು ತೆತ್ತ ಪೂರ್ಣ ದರವನ್ನೂ, ನಿರಾಶೆ ಮತ್ತು ಕ್ಲೇಶಕ್ಕಾಗಿ ಪರಿಹಾರವನ್ನೂ ಕೇಳಿದಳು. ಆಸ್ಟ್ರೇಲಿಯದ ಹೈಕೋರ್ಟು ಎರಡನ್ನೂ ಬೇರ್ಪಡಿಸಿತು. ಎಂಟು ದಿನಗಳ ವಿಹಾರವನ್ನು ಆಕೆ ಅನುಭವಿಸಿದ್ದುದರಿಂದ ಪೂರ್ಣ ದರ ಹಿಂದಕ್ಕೆ ಬರತಕ್ಕದ್ದಲ್ಲ. ಆದರೆ ನಿರಾಶೆ ಮತ್ತು ಕ್ಲೇಶದ ಬಾಬತ್ತಿನ ೫,೦೦೦ ಡಾಲರು ಸಲ್ಲತಕ್ಕದ್ದು. ಮುಳುಗಿದ ಆ ಹಡಗೇ ಮುಂದೆ ಮುಳುಗುಗಾರರು ಅರಸಿಕೊಂಡು ಹೋಗುವ ತಾಣವಾಯಿತೆಂಬುದು ಇತಿಹಾಸದ ಒಂದು ವಿಪರ್ಯಾಸ.

ಪರಿಹಾರದ ಮಿತಿಯನ್ನು ತೋರಿಸುವ ನಿದರ್ಶನ ೨೦೧೦ರ ಮಿಲ್ನರ್ ಮೊಕದ್ದಮೆ. ‘ಕ್ವೀನ್ ವಿಕ್ಟೋರಿಯ’ ಹಡಗಿನ ಭೂಪ್ರದಕ್ಷಿಣೆಗೆ ಸುಮಾರು ೫೯,೦೦೦ ಪೌಂಡು ತೆತ್ತ ದಂಪತಿಗಳು ಕೋಣೆಯ ಸದ್ದಿನಿಂದ ನಿದ್ರೆಗೆಟ್ಟು ಹೊನೊಲುಲುವಿನಲ್ಲಿ ಇಳಿದುಬಿಟ್ಟರು. ಅಪೀಲು ನ್ಯಾಯಾಲಯವು ಅವರ ಪರಿಹಾರವನ್ನು ಒಟ್ಟು ೧೨,೦೦೦ ಪೌಂಡಿಗೆ ಇಳಿಸಿತು. ದೊರೆತ ಸೇವೆಯ ಬೆಲೆ ಕುಗ್ಗಿದುದಕ್ಕೆ ಒಂದು ಲೆಕ್ಕ, ಮನಃಕ್ಲೇಶಕ್ಕೆ ಇನ್ನೊಂದು ಲೆಕ್ಕ, ಎರಡನೆಯದು ಮಿತವಾಗಿರಬೇಕು.

೪

ಹೀಗೆ ನಿರಾಶೆಗೆ ಬೆಲೆಯುಂಟೆಂಬುದು ಸ್ಥಿರಪಟ್ಟಿತು. ಆದರೆ ವಾಸನೌಕೆಯಲ್ಲಿ ಒಂದು ವಿಶೇಷ ತೊಡಕಿದೆ. ಮೀನು, ತಿಳಿನೀರು, ಶಾಂತವಾದ ಅಲೆ ಇವುಗಳನ್ನು ಕೊಡುತ್ತೇನೆಂದು ಹೇಳಲು ಯಾವ ಮಾಲೀಕನಿಗೂ ಅಧಿಕಾರವಿಲ್ಲ. ಗಟ್ಟಿಯಾದ ಹಡಗು, ಕೆಲಸಮಾಡುವ ಯಂತ್ರ, ತಿಳಿದ ಮಾರ್ಗದರ್ಶಕ, ಸತ್ಯವಾದ ವಿವರಣೆ ಇವಷ್ಟೇ ಅವನು ಕೊಡಬಲ್ಲವು. ಕರ್ತವ್ಯ ಅವನದು, ಫಲ ಕಡಲಿನದು. ಪ್ರಚಾರಪತ್ರಗಳು ಫಲವನ್ನೇ ಮಾರುತ್ತವೆ. ಕರಾರುಪತ್ರಗಳಾದರೋ ಮಾರ್ಗ ಬದಲಿಸುವ ಹಕ್ಕನ್ನು ಕಪ್ತಾನನಿಗೆ ಕಾಯ್ದಿರಿಸುತ್ತವೆ. ವ್ಯಾಜ್ಯದ ಬೀಜವಿರುವುದು ಈ ಎರಡು ಕಾಗದಗಳ ನಡುವಣ ಅಂತರದಲ್ಲಿ.

ಇಲ್ಲಿ ಪ್ರಾಣದ ಪ್ರಶ್ನೆಯೂ ಅಡಗಿದೆ. ಗಾಳಿಗಂಜಿ ಹಿಂದಿರುಗಿದ ಕಪ್ತಾನನಿಗೆ ದಂಡ ಬೀಳುವುದಾದರೆ, ಮುಂದಿನ ಬಾರಿ ಆತ ಹಿಂದಿರುಗಲಾರ. ಅದೇ ಹಕ್ಕು ಎಲ್ಲ ಲೋಪಗಳಿಗೂ ಮುಸುಕಾಗುವುದಾದರೆ ಗ್ರಾಹಕನಿಗೆ ರಕ್ಷಣೆಯಿಲ್ಲ. ಯುರೋಪಿನ ಒಕ್ಕೂಟವು ೧೯೯೦ರ ನಿರ್ದೇಶವನ್ನು ತಿದ್ದಿ ೨೦೧೫ರಲ್ಲಿ ಹೊರಡಿಸಿದ ಪ್ರವಾಸ ನಿರ್ದೇಶದಲ್ಲಿ ಒಂದು ಮಧ್ಯಮಾರ್ಗವನ್ನು ಕಾಣಬಹುದು. ಒಪ್ಪಿದ ಸೇವೆ ದೊರೆಯದಿದ್ದರೆ, ಅದಕ್ಕೆ ಪ್ರವಾಸಿಯೇ ಕಾರಣನಾಗಿರದ ಪಕ್ಷದಲ್ಲಿ, ದರದಲ್ಲಿ ಇಳಿತ ಸಲ್ಲತಕ್ಕದ್ದು; ತಪ್ಪಿಸಲಾಗದ ಅಸಾಧಾರಣ ಸಂದರ್ಭದಿಂದ ಕೊರತೆಯುಂಟಾಗಿದ್ದರೆ ನಷ್ಟಪರಿಹಾರ ಸಲ್ಲದು. ೨೦೨೦ರ ಸಾಂಕ್ರಾಮಿಕದಿಂದ ಕೆಟ್ಟ ಪ್ರವಾಸವೊಂದರ ವಿಷಯದಲ್ಲಿ ಒಕ್ಕೂಟದ ನ್ಯಾಯಾಲಯ ೨೦೨೩ರಲ್ಲಿ ದರದ ಇಳಿತವನ್ನು ಈ ಆಧಾರದ ಮೇಲೆಯೇ ಎತ್ತಿಹಿಡಿಯಿತು. ಎಂದರೆ, ಕೊಡದುದಕ್ಕೆ ಹಣ ಇಟ್ಟುಕೊಳ್ಳಬಾರದು. ತಪ್ಪಿಲ್ಲದೆ ದಂಡ ವಿಧಿಸಬಾರದು.

ಈ ವಿವೇಚನೆ ಎಷ್ಟು ಅಗತ್ಯವೆಂಬುದನ್ನು ‘ಕನ್ಸೆಪ್ಷನ್’ ದುರಂತ ತೋರಿಸುತ್ತದೆ. ಕ್ಯಾಲಿಫೋರ್ನಿಯದ ಈ ವಾಸನೌಕೆಗೆ ೨೦೧೯ರ ಸೆಪ್ಟೆಂಬರ್ ೨ರ ರಾತ್ರಿ ಬೆಂಕಿ ಹತ್ತಿ, ಕೆಳಗಿನ ಅಂತಸ್ತಿನಲ್ಲಿ ಮಲಗಿದ್ದ ೩೪ ಮಂದಿ ಸತ್ತರು. ರಾತ್ರಿ ಎಚ್ಚರವಿದ್ದು ತಿರುಗಾಡುವ ಕಾವಲುಗಾರನನ್ನು ನೇಮಿಸಿರಲಿಲ್ಲವೆಂದು ತನಿಖೆಯಲ್ಲಿ ಹೊರಬಂದಿತು. ಅಪಘಾತದ ನಂತರ ಹಡಗಿಗೆ ಉಳಿದ ಬೆಲೆಗೆ ಮಾಲೀಕನ ಹೊಣೆಯನ್ನು ಸೀಮಿತಗೊಳಿಸುವ ೧೮೫೧ರ ಅಮೆರಿಕದ ಶಾಸನದ ಆಶ್ರಯವನ್ನು ಮಾಲೀಕರು ಕೆಲವೇ ದಿನಗಳಲ್ಲಿ ಕೋರಿದರು. ಸುಟ್ಟು ಮುಳುಗಿದ ಹಡಗಿಗೆ ಉಳಿದ ಬೆಲೆ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. ಸಣ್ಣ ಪ್ರಯಾಣಿಕ ನೌಕೆಗಳನ್ನು ಆ ಶಾಸನದಿಂದ ಹೊರತುಪಡಿಸಿದ ತಿದ್ದುಪಡಿ ೨೦೨೨ರಲ್ಲಿ ಬಂದಿತು. ಲೋಕದ ಒಂದೆಡೆ ವಿಹಾರದ ನಿರಾಶೆಗೆ ಬೆಲೆ ಕಟ್ಟಿದ ನ್ಯಾಯ, ಇನ್ನೊಂದೆಡೆ ವಿಹಾರಿಯ ಪ್ರಾಣಕ್ಕೆ ಹಾಳುಹಡಗಿನ ಬೆಲೆಯನ್ನು ಮಿತಿಯಾಗಿ ಇಟ್ಟಿತ್ತು.

೫

ಮೇಲಣ ಪರಿಶೀಲನೆಯಿಂದ ಒಂದು ನಿರ್ಣಯಕ್ಕೆ ಬರಬಹುದಾಗಿದೆ. ನಿರಾಶೆಯನ್ನು ಲೆಕ್ಕಕ್ಕೆ ತೆಗೆದುಕೊಂಡುದು ನ್ಯಾಯದ ಮುನ್ನಡೆಯೇ ಸರಿ. ಆದರೆ ವಾಸನೌಕೆಯ ದೂರನ್ನು ತೂಗುವಾಗ ಕಾಣದ ಮೀನಿಗಿಂತ ಇಲ್ಲದ ಕಾವಲುಗಾರನನ್ನು, ತಪ್ಪಿದ ತಾಣಕ್ಕಿಂತ ಕೆಟ್ಟ ಯಂತ್ರವನ್ನು ಮುಂದಿಡಬೇಕು. ಮೀನು ಕಾಣದುದನ್ನು ವಿಹಾರಿ ತಾನೇ ಬಲ್ಲ. ರಾತ್ರಿ ಕಾವಲಿಲ್ಲದುದು ಮಲಗಿದವನಿಗೆ ತಿಳಿಯುವುದಿಲ್ಲ. ಅವನಿಗೆ ತಿಳಿಯದುದನ್ನು ಅವನ ಪರವಾಗಿ ನೋಡುವುದೇ ಶಾಸನದ ಮೊದಲ ಕೆಲಸ.