ಡಾಲ್ಫಿನ್ ಹುಡುಕಿಕೊಂಡು ದೊಡ್ಡಬಳ್ಳಾಪುರಕ್ಕೆ

ಕೈಯಲ್ಲಿದ್ದದ್ದು ಎರಡೂವರೆ ಲಕ್ಷ, ಬೇಕಿದ್ದದ್ದು ಸ್ಪೋರ್ಟ್ಸ್ ಕಾರು. ಭಾನುವಾರ ಬೆಳಗ್ಗೆ ದೇವನಹಳ್ಳಿ ಮೇಲೆ ನಂದಿಬೆಟ್ಟದ ಕಡೆ ಭರ್ರಂತ ಹೋಗೋ ಕೆಂಪು, ಹಳದಿ ಕಾರುಗಳಿವೆಯಲ್ಲ, ಅವುಗಳ ನಾಲ್ಕು ಟೈರಿಗೆ ನನ್ನ ದುಡ್ಡು ಸರಿಹೋಗಬಹುದು.

ಆದರೆ ಬೆಂಗಳೂರಿಗೂ ತನ್ನದೇ ಒಂದು ಬಡವರ ಸ್ಪೋರ್ಟ್ಸ್ ಕಾರಿತ್ತು. 1982ರಲ್ಲಿ ಇಲ್ಲಿನ ಸಿಪಾನಿ ಆಟೊಮೊಬೈಲ್ಸ್ ಹೊರತಂದ ಡಾಲ್ಫಿನ್. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಅದರ ಮೂಲ. ಎರಡೇ ಬಾಗಿಲು, ಫೈಬರ್‌ಗ್ಲಾಸ್ ಮೈ, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಓಡಿಸೋದು ಹಿಂದಿನ ಚಕ್ರ. ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಇಷ್ಟು ಹಗುರದ ಕಾರು ಬೇರೆಲ್ಲಿತ್ತು? ರ‍್ಯಾಲಿ ಹುಡುಗರು, ಶೋಲಾವರಂನಲ್ಲಿ ರೇಸ್ ಮಾಡುವವರು ಕೈಬಿಡಲಿಲ್ಲ. ಸಂಸಾರಸ್ಥರು ಮಾತ್ರ ಹಿಂಜರಿದರು. ಅತ್ತೆ, ಮಾವ, ಮಕ್ಕಳನ್ನೆಲ್ಲ ಮುಂದಿನ ಸೀಟು ಮಡಚಿ ಹಿಂದಕ್ಕೆ ತೂರಿಸೋದು ಯಾರಿಗೆ ಬೇಕು? 1983ರ ಡಿಸೆಂಬರಿನಲ್ಲಿ ನಾಲ್ಕು ಬಾಗಿಲಿನ ಮಾರುತಿ 800 ಬಂತು. ಸಿಪಾನಿಯವರು ಆಮೇಲೆ ನಾಲ್ಕು ಬಾಗಿಲಿನ ಮೊಂಟಾನಾ ಮಾಡಿದರು, ಆದರೆ ಅಷ್ಟರಲ್ಲಿ ಆಟ ಮುಗಿದಿತ್ತು. (1990ರ ದಶಕದ ಕೊನೆಗೆ ಬೆಂಗಳೂರಿನ ಸ್ಯಾನ್ ಮೋಟಾರ್ಸ್‌ನವರು ಸ್ಟಾರ್ಮ್ ಅಂತ ತೆರೆದ ಕಾರು ತಂದರು. ಚಂದ ಇತ್ತು. ಅದೂ ಓಡಲಿಲ್ಲ.)

ದೊಡ್ಡಬಳ್ಳಾಪುರದಲ್ಲಿ ಒಂದು ಡಾಲ್ಫಿನ್ ಇದೆ ಅಂತ ಸುದ್ದಿ ಸಿಕ್ಕಿತು. ಹೋದೆ. ಮಗ್ಗದ ಶೆಡ್ಡಿನ ಹಿಂದೆ, ನೂಲಿನ ಮೂಟೆಗಳ ಪಕ್ಕ, ‘ಸಿಎ’ ಅಂತ ಶುರುವಾಗುವ ಹಳೇ ನಂಬರಿನ ಬಿಳಿ ಕಾರು. ಬಾನೆಟ್ ಮೇಲೆ ಬೆಕ್ಕು ಮಲಗಿತ್ತು.

“ತುಕ್ಕು ಅನ್ನೋದೇ ಇಲ್ಲ ಸ್ವಾಮಿ, ತಟ್ಟಿ ನೋಡಿ” ಅಂದರು ಯಜಮಾನರು. ತಟ್ಟಿದೆ. ಮೈಗೆ ನಿಜವಾಗಿಯೂ ತುಕ್ಕಿರಲಿಲ್ಲ. ಫೈಬರ್‌ಗೆ ಎಲ್ಲಿಂದ ಬರಬೇಕು? ಮೋಸ ಇರೋದೇ ಅಲ್ಲಿ. ಒಳಗಿನ ಚಾಸಿ ಉಕ್ಕಿನದು. ಅದು ಕರಗುತ್ತಿದ್ದರೂ ಮೇಲಿಂದ ಗೊತ್ತಾಗಲ್ಲ. ಟಾರ್ಚ್ ಹಿಡಿದು ಕೆಳಗೆ ತೂರಿಕೊಂಡು ಸ್ಕ್ರೂಡ್ರೈವರ್‌ನಿಂದ ಒತ್ತಿದೆ. ಹಿಂದಿನ ಆಕ್ಸಲ್ ಹತ್ತಿರ ಬಿಸ್ಕತ್ತಿನ ಹಾಗೆ ಒಳಗೆ ಹೋಯಿತು.

ಎದ್ದು ಬಂದು ತೋರಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆರ್‌ಸಿ ಕೇಳಿದೆ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನವೀಕರಣ ಆಗಬೇಕು, ಎರಡು ಸಲ ತಪ್ಪಿಹೋಗಿತ್ತು. ಹೇಳಿದ್ದು ಒಂದೂಕಾಲು ಲಕ್ಷ. ವೆಲ್ಡಿಂಗು, ದಂಡ, ಟೈರು ಸೇರಿಸಿದರೆ ನನ್ನ ಎರಡೂವರೆ ಲಕ್ಷ ಅಲ್ಲಿಗೆ ಸರಿ. ಎಂಜಿನ್ ಬಿಚ್ಚಿ ನೋಡುವ ಖರ್ಚು ಬೇರೆ.

“ಹೋದ ತಿಂಗಳು ಒಬ್ಬರು ಬಂದಿದ್ದರು. ಎಂಜಿನ್ ಮಾತ್ರ ಬೇಕಂತೆ. ಜಾಸ್ತಿ ದುಡ್ಡೇ ಕೊಡ್ತೀನಿ ಅಂದರು. ಕೊಡಲಿಲ್ಲ” ಅಂದರು. “ನೀವು ಓಡಿಸ್ತೀರಾ, ಬಿಚ್ತೀರಾ?”

“ಓಡಿಸ್ತೀನಿ.”

ತೊಂಬತ್ತು ಸಾವಿರಕ್ಕೆ ಇಳಿದರು. ಐದು ಸಾವಿರ ಟೋಕನ್ ಕೊಟ್ಟೆ. ಬೆಕ್ಕನ್ನು ಎಬ್ಬಿಸಿ, ಅವರೇ ಟಾರ್ಪಾಲು ಹೊದಿಸಿದರು.